ಎಡದಿಂದ ಬರುವ ತೋಳಗಳು

ಕನೋರಾ, ಸಾಸ್ಕಾಚೆವಾನ್
ಜನವರಿ 12, ಶುಕ್ರವಾರ ಸಂಜೆ

ನನ್ನ ಜಗಳಗಂಟಿ ತಂಗಿ ಲೆಸ್ಯಾಳಿಗೆ ಅಣ್ಣನ ಪ್ರೀತಿ.

ರಜೆಯಲ್ಲಿ ಆಡಿದ ವಿಡಿಯೋ ಗೇಮ್‌ಗಳ ಬಗ್ಗೆ ಇಮೇಲ್ ಬರಿ, ಬರಿ ಅಂತ ಪ್ರಾಣ ತಿಂದೆಯಲ್ಲ, ತಗೋ. ಐವತ್ತು ದಾಟಿದ ಸ್ಕೂಲ್ ಬಸ್ ಡ್ರೈವರ್‌ನ ಅಭಿಪ್ರಾಯ ಯಾರಿಗೆ ಬೇಕು ಅಂತ ನಿನ್ನ ಅತ್ತಿಗೆ ಮಿರ್ನಾ ನಗುತ್ತಾಳೆ. "ಆ ಟಿವಿ ಮುಂದೆ ಕೂತು ಗುದ್ದಾಡೋದು ಸಾಕು, ಅಂಗಳದ ಹಿಮ ಎತ್ತು" ಅನ್ನುತ್ತಾಳೆ. ಹಿಮ ಎಲ್ಲಿಗೂ ಓಡಿಹೋಗುವುದಿಲ್ಲ, ಏಪ್ರಿಲ್‌ವರೆಗೂ ಇರುತ್ತದೆ.

ಮೊದಲು 'ತೋಳಗಳ ಕಣಿವೆ'. ಊರೆಲ್ಲ ಹೊಗಳುತ್ತಿದೆ, ನಾನು ಉಗಿಯುತ್ತೇನೆ. ಕಾಡು ಚೆನ್ನಾಗಿದೆ. ಹಿಮ ತುಳಿದರೆ ಬರುವ ಸದ್ದು ನಮ್ಮ ಅಂಗಳದ್ದೇ. ಆದರೆ ತೋಳಗಳದ್ದು ಮೋಸ, ಶುದ್ಧ ಮೋಸ. ಬಲದಿಂದ ಬರುವ ತೋಳ ಹಲ್ಲು ತೋರಿಸಿ, ಗುರುಗುಟ್ಟಿ, ಮರ್ಯಾದೆಯಾಗಿ ಬರುತ್ತದೆ. ಎಡದಿಂದ ಬರುವುದು ಮಾತ್ರ ಮೈಮೇಲೆ ಬಿದ್ದಾಗಲೇ ಗೊತ್ತಾಗುವುದು. ಸೇತುವೆಯ ಹತ್ತಿರ ಎಷ್ಟು ಸಲ ಸತ್ತೆನೋ. ಈ ಆಟ ಮಾಡಿದವನು ಎಡಗಡೆಯ ಕೆಲಸ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿರಬೇಕು. ಹತ್ತಕ್ಕೆ ನಾಲ್ಕು.

ಈ ವರ್ಷದ ಐಸ್ ಹಾಕಿ ಆಟ ಇನ್ನೂ ದಂಡ. ಎಡ ಪಕ್ಕದ ನನ್ನ ಆಟಗಾರ ಎಲ್ಲಿ ಹಾಳಾಗಿ ಹೋಗುತ್ತಾನೋ! ಪಾಸ್ ಕೊಡೋಣವೆಂದರೆ ಇರುವುದೇ ಇಲ್ಲ. ಆನ್‌ಲೈನ್‌ನಲ್ಲಿ ಜೊತೆಗೆ ಆಡುತ್ತಿದ್ದ ಯಾವನೋ ಪೋರ, "ತಾತಾ, ನಿದ್ದೆ ಹೊಡೀತಿದೀಯಾ? ಪಕ್ಕದಲ್ಲೇ ನಿಂತಿದ್ದೆ ಕಣಯ್ಯಾ!" ಅಂತ ಎಲ್ಲರೆದುರು ಕೂಗಿದ. ಸಿಟ್ಟು ನೆತ್ತಿಗೇರಿ ಟಿವಿ ಆರಿಸಿಬಿಟ್ಟೆ. ಹತ್ತಕ್ಕೆ ಮೂರು, ಅದೂ ಜಾಸ್ತಿ.

ಇನ್ನು ನಮ್ಮ 'ಗಣಿಯ ಓಟ'. ಅಮ್ಮನ ಹಳೇ ಟಿವಿಯಲ್ಲಿ ಇಬ್ಬರೂ ಕಿತ್ತಾಡಿಕೊಂಡು ಆಡುತ್ತಿದ್ದೆವಲ್ಲ, ಅದಕ್ಕೆ ಹೊಸ ಬಣ್ಣ ಬಳಿದು ಬಿಟ್ಟಿದ್ದಾರೆ. ಆಹಾ, ಆಟ ಅಂದರೆ ಅದು! ಗಣಿಗಾರ ಎಡದಿಂದ ಬಲಕ್ಕೆ ಓಡುತ್ತಾನೆ. ಬಂಡೆ, ಬಾವಲಿ, ಬೆಂಕಿ, ಬರುವುದೆಲ್ಲ ಬಲದಿಂದ. ಒಂದೇ ಜೀವದಲ್ಲಿ ಕೊನೆ ಮುಟ್ಟಿದೆ. ಅಣ್ಣನ ಕೈ ಇನ್ನೂ ಸತ್ತಿಲ್ಲ ಕಣೇ. ಒಂಬತ್ತೂವರೆ.

ನಮ್ಮ ಹಳೆಯ ಕರಾರು ನೆನಪಿದೆ: ಒಬ್ಬರು ಆಟದ ಮೇಲೆ ದೂರು ಹೇಳಿದರೆ ಇನ್ನೊಬ್ಬರು ಅದೇ ಜಾಗ ಆಡಿ ನೋಡಿ, ತಪ್ಪು ಆಟದ್ದೋ ಆಡಿದವರದ್ದೋ ಅಂತ ತೀರ್ಪು ಕೊಡಬೇಕು. ಈ ಸಲ ಆ ಗೋಜಿಗೆ ಹೋಗಬೇಡ. ನಿನಗೆ ಬೇಕಾದಷ್ಟು ಕೆಲಸವಿದೆ.

ಬೇರೆ ವಿಶೇಷವೇನಿಲ್ಲ. ಹಬ್ಬಕ್ಕೆ ಮಾಡಿದ ಹೊಲುಬ್ಸಿ, ಆ ಕೋಸಿನೆಲೆಯ ಸುರುಳಿಗಳು, ಇನ್ನೂ ಮುಗಿದಿಲ್ಲ. ನಿನ್ನೆ ತಟ್ಟೆಯಲ್ಲಿ ಎರಡು ಹಾಗೇ ಬಿಟ್ಟೆ ಅಂತ ಮಿರ್ನಾ ಮುಖ ಊದಿಸಿಕೊಂಡಳು. ನಾನು ತಟ್ಟೆ ಖಾಲಿ ಮಾಡಿದ್ದೇನೆ ಅಂತಲೇ ತಿಳಿದಿದ್ದೆ. ಇವತ್ತು ಮಧ್ಯಾಹ್ನ ಒಂದು ಸ್ಟಾಪಿನಲ್ಲಿ ಮಕ್ಕಳನ್ನು ಇಳಿಸಿ ಹೊರಡುವಾಗ ಬಸ್ಸಿಗೆ ನಾಯಿಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದ ರಭಸಕ್ಕೆ ಕಾಫಿಯೆಲ್ಲ ಪ್ಯಾಂಟಿನ ಮೇಲೆ. ನಾಯಿಗೆ ಏನೂ ಆಗಲಿಲ್ಲ.

ನಿನ್ನ ಅಣ್ಣ,
ಒರೆಸ್ಟ್


ವಿನಿಪೆಗ್
ಜನವರಿ 14, ಭಾನುವಾರ ಬೆಳಗ್ಗೆ

ಅಣ್ಣಾ,

ನಿನ್ನೆಯಿಂದ ಫೋನ್ ಮಾಡಿ ಮಾಡಿ ಸಾಕಾಯಿತು. ಪ್ರತಿ ಸಲವೂ ಅತ್ತಿಗೆಯೇ ಎತ್ತಿ, "ಗ್ಯಾರೇಜಲ್ಲಿದಾನೆ, ಆಮೇಲೆ ಮಾಡ್ತಾನಂತೆ" ಅನ್ನುತ್ತಾಳೆ. ನೀನು ಪಕ್ಕದಲ್ಲೇ ನಿಂತು ಕೈಸನ್ನೆ ಮಾಡುತ್ತಿದ್ದೀಯ ಅಂತ ನನಗೆ ಗೊತ್ತಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೆ ಬಿಟ್ಟರೆ ನನ್ನಾಣೆ.

ನೀನು ಬೇಡವೆಂದರೂ ಆಡಿದೆ. ಶನಿವಾರ ಬೆಳಗ್ಗೆ ಎರಡೂ ಆಟ ತರಿಸಿಕೊಂಡು ಕೂತೆ. ನಿನ್ನನ್ನು ಗೇಲಿ ಮಾಡೋಣ ಅಂತಲೇ ಶುರು ಮಾಡಿದ್ದು.

ಸೇತುವೆಯ ಹತ್ತಿರ ಎಡದ ತೋಳ ಸುಮ್ಮನೆ ಬರುವುದಿಲ್ಲ ಅಣ್ಣ. ಮೊದಲು ಎಡಗಡೆ ಪೊದೆ ಅಲುಗಾಡುತ್ತದೆ. ಹಕ್ಕಿಗಳು ಎದ್ದು ಹಾರುತ್ತವೆ. ಪರದೆಯ ಎಡ ಅಂಚು ಕೆಂಪಗೆ ಮಿನುಗುತ್ತದೆ. ಕುರುಡನಿಗೂ ಕಾಣುವಂತೆ ಮಿನುಗುತ್ತದೆ ಅಂತ ಬರೆಯಲು ಹೊರಟಿದ್ದೆ, ಆ ಪದ ನೋಡಿ ಅಲ್ಲೇ ನಿಲ್ಲಿಸಿದೆ. ಹಾಕಿ ಆಟದಲ್ಲಿ ಎಡ ಪಕ್ಕದವನು ಕೋಲು ಎತ್ತಿ ಎತ್ತಿ ಪಾಸ್ ಕೇಳುತ್ತಾನೆ. ಅವನು ಎಲ್ಲಿಗೂ ಹೋಗುವುದಿಲ್ಲ.

ನೀನು ಮೆಚ್ಚಿದ್ದು ಯಾವುದನ್ನು? ಎಲ್ಲವೂ ಬಲದಿಂದಲೇ ಬರುವ ಆಟವನ್ನು. ತಟ್ಟೆಯಲ್ಲಿ ಉಳಿದ ಹೊಲುಬ್ಸಿ ಯಾವ ಕಡೆ ಇತ್ತು ಅಂತ ಅತ್ತಿಗೆಯನ್ನು ಕೇಳಿದೆ. ಅವಳು ನೆನಪಿಸಿಕೊಂಡು, "ಎಡಗಡೆ. ಯಾಕೆ ಲೆಸ್ಯಾ?" ಅಂದಳು. ಆಮೇಲೆ ಹೇಳುತ್ತೇನೆ ಅಂತ ಫೋನ್ ಇಟ್ಟೆ.

ತೀರ್ಪು ಕೊಡುತ್ತಿದ್ದೇನೆ, ಕೇಳು. ತಪ್ಪು ಆಟದ್ದಲ್ಲ. ನಿನಗೆ ಎಡಗಡೆ ಕಾಣುತ್ತಿಲ್ಲ. ಕಣ್ಣಿನದೋ ತಲೆಯೊಳಗಿನದೋ ಡಾಕ್ಟರ್ ಹೇಳಲಿ.

ನಾಳೆ ಬೆಳಗ್ಗೆ ನೀನು ಬಸ್ ಏರಬಾರದು. ನಿನ್ನ ಬಸ್ಸಿನ ಬಲಗಡೆಯ ಬಾಗಿಲಿನಿಂದ ಇಳಿದ ಮಕ್ಕಳು ಬಸ್ಸಿನ ಮುಂದೆಯೇ ಹಾದು ಎಡಗಡೆಯ ಮನೆಗಳಿಗೆ ಹೋಗುತ್ತಾರೆ. ಹೋಗಲಿ, ಆ ನಾಯಿ ಯಾವ ಕಡೆಯಿಂದ ಬಂತು? ತೋಳದ ದಿಕ್ಕು ಬರೆದವನು ನಾಯಿಯ ದಿಕ್ಕು ಯಾಕೆ ಬರೆಯಲಿಲ್ಲ?

ಸಂಜೆ ಆರರೊಳಗೆ ನೀನು ಮೇಲ್ವಿಚಾರಕ ಡ್ವೇನ್‌ಗೆ ಹೇಳದಿದ್ದರೆ ನಾನು ಹೇಳುತ್ತೇನೆ. ಆ ಬಸ್ಸು ನಿನಗೆ ಏನು ಅಂತ ನನಗೆ ಗೊತ್ತು. ಲೈಸೆನ್ಸ್ ಹೋದರೆ ನೀನು ಎಷ್ಟು ಕುಗ್ಗುತ್ತೀಯ ಅಂತಲೂ ಗೊತ್ತು. ಆಮೇಲೆ ಜನ್ಮದಲ್ಲಿ ನನ್ನನ್ನು ಮಾತಾಡಿಸದಿದ್ದರೂ ಪರವಾಗಿಲ್ಲ, ಹೇಳಿಯೇ ಹೇಳುತ್ತೇನೆ.

ಭಯದಿಂದ, ಸಿಟ್ಟಿನಿಂದ, ಪ್ರೀತಿಯಿಂದ,
ಲೆಸ್ಯಾ


ಕನೋರಾ
ಭಾನುವಾರ, ಸಂಜೆ ಐದು

ಲೆಸ್ಯಾ,

ನಿನ್ನ ಪತ್ರ ಓದಿ ಮೊದಲು ಬಾಯಿಗೆ ಬಂದಂತೆ ಬೈದೆ. ಇಷ್ಟು ವರ್ಷದಲ್ಲಿ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ಹಿಮಗಾಳಿಯಲ್ಲಿ ದಾರಿಯೇ ಮುಚ್ಚಿಹೋದಾಗಲೂ ಮಕ್ಕಳನ್ನು ಮನೆ ಮುಟ್ಟಿಸಿದವನು ನಾನು. ವಿನಿಪೆಗ್‌ನಲ್ಲಿ ಬೆಚ್ಚಗೆ ಕೂತು ಆಟ ಆಡಿ ನನಗೆ ತೀರ್ಪು ಕೊಡುತ್ತಾಳಂತೆ! ಮಿರ್ನಾ ಮುಂದೆ ಕೂಗಾಡಿದೆ. ಅವಳು ಪತ್ರ ಓದಿ ಮುಗಿಸಿ, ಕೋಟು ಹಾಕಿಕೊಂಡು, "ನಡಿ, ನೋಡೇಬಿಡೋಣ" ಅಂದಳು.

ಬಸ್ಸು ನಮ್ಮ ಅಂಗಳದಲ್ಲೇ ನಿಂತಿದೆ, ಎಂಜಿನ್ ಹೆಪ್ಪುಗಟ್ಟದಂತೆ ಕರೆಂಟಿನ ವೈರ್ ಚುಚ್ಚಿಕೊಂಡು. ಸೀಟಿನಲ್ಲಿ ಕೂತು ನೆಟ್ಟಗೆ ರಸ್ತೆ ನೋಡಿದೆ. ಕತ್ತು ತಿರುಗಿಸಬಾರದು ಅಂತ ಅವಳೇ ನಿಯಮ ಹಾಕಿದಳು. ಅವಳು ಬಸ್ಸಿನ ಮುಂದೆ ಬಲದಿಂದ ಎಡಕ್ಕೆ ಹಾದುಹೋಗಿ, ತಿರುಗಿ ಬರಬೇಕು. ಎಡದಿಂದ ತಿರುಗಿ ಬರುವುದು ಕಂಡ ಕೂಡಲೇ ನಾನು ಹಾರ್ನ್ ಹೊಡೆಯಬೇಕು.

ಕೆಂಪು ಕೋಟು ಮಧ್ಯದವರೆಗೆ ಬಂತು. ಆಮೇಲೆ ಕಾಣಲಿಲ್ಲ. ಕಾದೆ. ಚಳಿ ತಡೆಯಲಾರದೆ ಒಳಗೆ ಹೋದಳೇನೋ ಅಂದುಕೊಂಡು ನಕ್ಕೆ. ಅಷ್ಟರಲ್ಲಿ ಬಾನೆಟ್ ಮೇಲೆ ದಡ್ ಅಂತ ಯಾರೋ ಗುದ್ದಿದರು.

ಮಿರ್ನಾ ಅಳುತ್ತಿದ್ದಳು. "ಎರಡೂ ಕೈ ಎತ್ತಿ ಬೀಸ್ತಾ ಇದ್ದೆ, ಒರೆಸ್ಟ್. ಬಂಪರ್ ಮುಟ್ಕೊಂಡೇ ನಿಂತಿದ್ದೆ. ನಗ್ತಾ ಕೂತಿದ್ಯಲ್ಲೋ!" ಅಂದಳು. ಅವಳ ಅಳು ನಿಲ್ಲಿಸಲು ನನ್ನಿಂದ ಆಗಲಿಲ್ಲ. ನನಗೂ ತಡೆಯಲಾಗಲಿಲ್ಲ.

ಅಲ್ಲಿಂದಲೇ ಡ್ವೇನ್‌ಗೆ ಫೋನ್ ಮಾಡಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೀ ಮಿರ್ನಾ ಕೈಗೆ ಕೊಡು. ನಾಳೆ ನಾನೇ ಓಡಿಸ್ತೀನಿ. ನೀನು ಈಗ್ಲೇ ಆಸ್ಪತ್ರೆಗೆ ಹೊರಡು ಮಾರಾಯ" ಅಂದ. ಕೀ ಕೊಟ್ಟೆ. ಜೇಬು ಹಗುರಾದದ್ದು ತಿಳಿಯದೆ ಆಗಾಗ ತಡವಿಕೊಳ್ಳುತ್ತಿದ್ದೇನೆ.

ಮಿರ್ನಾ ಕಾರು ಬಿಸಿ ಮಾಡುತ್ತಿದ್ದಾಳೆ, ಯಾರ್ಕ್‌ಟನ್ ಆಸ್ಪತ್ರೆಗೆ ಹೊರಟಿದ್ದೇವೆ. ನನಗೆ ಭಯವಾಗಿದೆ ಕಣೇ. ಅವರು ಏನು ಹೇಳುತ್ತಾರೋ. ನಿನ್ನ ತೀರ್ಪು ಒಪ್ಪಿದ್ದೇನೆ. ತೋಳಗಳ ಕಣಿವೆಗೆ ನನ್ನ ಲೆಕ್ಕದಲ್ಲಿ ಎಂಟು ಬರೆದುಕೋ. ಹಾಕಿ ಆಟಕ್ಕೆ ಒಂದೂ ಜಾಸ್ತಿ ಮಾಡಬೇಡ, ಆ ಪೋರನ ಬಾಯಿಗೆ ಮೂರೇ ಸಾಕು.

ನಿನ್ನ ಅಣ್ಣ,
ಒರೆಸ್ಟ್

ಮರೆತಿದ್ದು: ಅದು ನಾಯಿಯಲ್ಲ ಲೆಸ್ಯಾ. ಒಂದನೇ ಕ್ಲಾಸಿನ ಬ್ರಿನ್. ಬಿದ್ದ ಕೈಗವಸು ಎತ್ತಿಕೊಳ್ಳಲು ಎಡದಿಂದ ವಾಪಸು ಓಡಿ ಬಂದಿದ್ದಳು. ನನಗೆ ಕಾಣಲಿಲ್ಲ. ನನ್ನ ಹಿಂದಿನ ಸೀಟಿನ ಹುಡುಗಿ ಕಿರುಚಿದ್ದಕ್ಕೆ ಬ್ರೇಕ್ ಒತ್ತಿದೆ. ಬಂಪರಿಗೂ ಅವಳ ಟೋಪಿಗೂ ಒಂದು ಗೇಣು ಜಾಗವಿತ್ತು. ಅವಳು ಕೈಗವಸು ಎತ್ತಿ ತೋರಿಸಿ ನಕ್ಕು ಮನೆಗೆ ಓಡಿದಳು. ಅವತ್ತು ಯಾರಿಗೂ ಹೇಳಲು ಬಾಯಿ ಬರಲಿಲ್ಲ, ಮಿರ್ನಾಗೂ ಇಲ್ಲ. ಕೂತು ನಿನಗೆ ಆಟಗಳ ಮೇಲೆ ದೂರು ಬರೆದೆ. ಆಡಿ ನೋಡಬೇಡ ಅಂದರೆ ನೀನು ಆಡಿಯೇ ತೀರುತ್ತೀಯ ಅಂತ ಗೊತ್ತಿತ್ತು.