ಎಲಿನಾಳ ಹೆಸರಿನ ಚೀಟಿ

16 ನವೆಂಬರ್ 2025, ರವಿವಾರ. ಮೈಲೂರ.

ಇವತ್ತೂ ಬಾಯಿ ಬಿಡಲಿಲ್ಲ. ಗುರುವಾರ ನನ್ನ ಎದೆಯ ಗಂಟಿಗೆ ಆಪರೇಷನ್, ಚರ್ಚಿನಲ್ಲಿ ಯಾರಿಗೂ ಗೊತ್ತಿಲ್ಲ. ಪ್ರಾರ್ಥನೆ ಬೇಕಾದವರು ಹೆಸರು ಬರೆದು ಹಾಕುವ ಡಬ್ಬಿಯ ಮುಂದೆ ಮೂರು ವಾರದಿಂದ ಖಾಲಿ ಚೀಟಿ ಹಿಡಿದು ನಿಂತು, ಹಾಗೇ ಮನೆಗೆ ಬರುತ್ತಿದ್ದೇನೆ.

ಇವತ್ತು ಪಾಸ್ಟರ್ ಚೀಟಿಗಳನ್ನು ಓದುತ್ತ, "ಯುದ್ಧದಾಗ ಸಿಕ್ಕೊಂಡ ಎಲಿನಾ ಅನ್ನೋ ಕೂಸಿನ ಸಲುವಾಗಿ" ಎಂದರು. ನಾನು ತಟ್ಟನೆ ತಲೆ ಎತ್ತಿದೆ. ಎಲಿನಾ ಅಂದರೆ ಕಥೆಪುಸ್ತಕದ ಹುಡುಗಿ! ಬೆಳಿಗ್ಗೆ ಸಂಡೇ ಸ್ಕೂಲಿನಲ್ಲಿ ನಾನೇ ಓದಿದ್ದು. ಗಾಯಾಳುಗಳಿಗೆ ಔಷಧ ಹೊತ್ತು ಅವಳು ಮುರುಕು ಸೇತುವೆಯ ನಡುವೆ ಬಂದಾಗ ಗಂಟೆ ಹೊಡೆಯಿತು, ಪುಸ್ತಕ ಮುಚ್ಚಿದ್ದೆ. ಈಗ ಇಡೀ ಸಭೆ ಕಣ್ಣು ಮುಚ್ಚಿ ಅವಳಿಗಾಗಿ ಬೇಡಿಕೊಂಡಿತು. ಹನ್ನಾ ಅಜ್ಜಿ ಅತ್ತೇಬಿಟ್ಟರು. ನಿಜ ಹೇಳುವ ಧೈರ್ಯ ನನಗಾಗಲಿಲ್ಲ.

ಹೊರಗೆ ಪುಟ್ಟ ಜೆಮಿಮಾ ಓಡಿಬಂದಳು. "ಚೀಟಿ ನಾನೇ ಬರದೀನ್ರಿ ಟೀಚರ್. ಆಕಿ ಒಬ್ಬಾಕೇ ಅದಾಳಲ್ರಿ? ಅಂಜಿಕಿ ಆದ್ರೂ ನಡ್ಯಾಕತ್ತಾಳ್ರಿ."

ಆಗಿನಿಂದ ಆ ಸೇತುವೆ ಕಣ್ಣಿಂದ ಸರಿದಿಲ್ಲ. ಕೆಳಗೆ ಹೊಳೆಯೆಲ್ಲ ಮಂಜು. ಎಲಿನಾಳ ಹಿಂದೆ ನಮ್ಮ ಸಭೆಯವರೆಲ್ಲ ಸಾಲಾಗಿ ಹಲಗೆ ದಾಟುತ್ತಿದ್ದಾರೆ, ಹನ್ನಾ ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಈಚೆ ದಡದಲ್ಲಿ ಉಳಿದವಳು ನಾನೊಬ್ಬಳೇ. ಎಲಿನಾ ತಿರುಗಿ ನೋಡುತ್ತಾಳೆ, ಕರೆಯುವುದಿಲ್ಲ, ಸುಮ್ಮನೆ ಕಾಯುತ್ತಾಳೆ.

ಮುಂದಿನ ಪುಟ ನಾನೂ ಓದಿಲ್ಲ. ಓದುವುದೂ ಇಲ್ಲ, ಸದ್ಯಕ್ಕೆ.

ಬುಧವಾರದ ಪ್ರಾರ್ಥನಾ ಕೂಟಕ್ಕೆ ಚೀಟಿ ಬರೆದಿಟ್ಟೆ. ಮೇಲೆ ಎಲಿನಾ. ಅದರ ಕೆಳಗೆ ನನ್ನ ಹೆಸರು, ಪ್ರಿಸಿಲ್ಲಾ. ಇಬ್ಬರಿದ್ದರೆ ಆ ಹಲಗೆ ದಾಟಲು ಅಷ್ಟು ಅಂಜಿಕೆ ಆಗಲಿಕ್ಕಿಲ್ಲ.