ಆಡಿನ ಎಡಹೊಟ್ಟೆ

ಮಲಪ್ರಭೆಯ ದಂಡೆ
ಕ್ರಿ.ಶ. ೨೧೮೯, ಮಾಘ ಶುದ್ಧ ಪಂಚಮಿ

ಪೂಜ್ಯ ನೀಲಗಂಗವ್ವ ಟೀಚರ್ ಅವರಿಗೆ,

ನಿಮ್ಮ ಅಂಗನವಾಡಿಯ ಬಾಗಿಲಿಗೆ ನೀವು ಮೊದಲ ಆಡಿನ ಮರಿಯನ್ನು ಕಟ್ಟಿ ನೂರ ಅರವತ್ತಮೂರು ವರ್ಷಗಳಾದವು. ಆ ಪದ್ಧತಿ ಉಳಿಯುವುದೋ ಅಳಿಯುವುದೋ ನಾಳೆ ನನ್ನ ಸಹಿಯಿಂದ ತೀರ್ಮಾನವಾಗಲಿದೆ. ಇದನ್ನು ನಿಮಗೆ ತಿಳಿಸುವುದೇ ಈ ಪತ್ರದ ಉದ್ದೇಶ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತೆ, ಅದರಲ್ಲಿಯೂ ತರಗತಿಗೆ ಮೊದಲಿಗಳಾಗಿಯೇ. ನನ್ನ ಹೆಸರು ಇರಾವತಿ ಹೂಲಗೇರಿ.

ನಿಮ್ಮ ಅಂಗನವಾಡಿಯನ್ನು ನಾವು ಮರಿಶಾಲೆ ಎನ್ನುತ್ತೇವೆ. ಐದು ತುಂಬಿದ ಪ್ರತಿ ಮಗುವಿನ ಕೈಗೆ ಒಂದು ಮರಿಯ ಹಗ್ಗವನ್ನು ಕೊಡುತ್ತಾರೆ. ವರ್ಷ ತುಂಬಿದ ದಿನ ಅದನ್ನು ಮರಳಿ ಹಿಂಡಿಗೆ ಬಿಡಬೇಕು. ನಮ್ಮ ಊರುಗಳಿಗೆ ಈಗ ತಂಪುಚಾವಣಿ ಇದೆ. ಬಿಸಿಲನ್ನು ಸೋಸಿ ಕೆಳಗಿಳಿಸುವ ತೆಳುಹೊದಿಕೆ ಅದು. ಅದರಾಚೆಯ ಬಯಲನ್ನು ನಾನು ಮೊದಲು ಕಂಡದ್ದು ನನ್ನ ಮರಿ ಎಳೆದೊಯ್ದಾಗಲೇ. ಬಾರಿಹಣ್ಣಿನ ಗಿಡದ ಮುಳ್ಳು ಯಾವ ಕಡೆಗೆ ಬಾಗಿರುತ್ತದೆ, ಮಳೆಗೆ ಮುನ್ನ ಆಡುಗಳು ಎಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ, ಜಾಲಿಕಾಯಿ ಉದುರುವ ತಿಂಗಳು ಯಾವುದು, ಎಲ್ಲವನ್ನೂ ಆ ಹಗ್ಗವೇ ನನಗೆ ಕಲಿಸಿತು. ಅದರ ಉಸಿರಿನಲ್ಲಿದ್ದ ಹಸಿಸೊಪ್ಪಿನ ವಾಸನೆ ಇಂದಿಗೂ ನೆನಪಿದೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಯುಗಾದಿಯ ಮುನ್ನಾದಿನ ಮರಿಗಳನ್ನು ತೂಗುವ ರೂಢಿ ನಮ್ಮಲ್ಲಿದೆ. ನನ್ನದೇ ಎಲ್ಲಕ್ಕಿಂತ ಹೆಚ್ಚು ತೂಗಬೇಕೆಂದು ಆ ಬೆಳಿಗ್ಗೆ ಅದಕ್ಕೆ ಬೊಗಸೆ ಬೊಗಸೆಯಾಗಿ ಹಸಿ ಜೋಳ ತಿನ್ನಿಸಿದೆ. ಮಧ್ಯಾಹ್ನದ ಹೊತ್ತಿಗೆ ಮರಿಯ ಹೊಟ್ಟೆ ನಗಾರಿಯಂತೆ ಉಬ್ಬಿ, ಅದು ಕಾಲು ಚಾಚಿ ಮಲಗಿತು. ನಮ್ಮ ಟೀಚರ್ ಬಸಲಿಂಗವ್ವ ಓಡಿಬಂದು ಅದರ ಬಾಯಿಗೆ ಎಣ್ಣೆ ಹೊಯ್ದರು. ನನ್ನ ಕೈ ಹಿಡಿದು ಉಬ್ಬಿದ ಮಗ್ಗುಲಿಗೆ ಒತ್ತಿದರು.

“ಮೊದಲ್ನೇ ನಂಬರ ನಿನಗ ಬೇಕಾಗಿತ್ತು, ಹೊಟ್ಟಿ ಬ್ಯಾನಿ ಇದಕ್ಕ ಬಂತು! ತಿಕ್ಕವ್ವ ರಾಣಿ, ತಿಕ್ಕು. ಅದು ತೇಗೂ ತನಕ ನಿನಗೂ ಊಟಿಲ್ಲ.”

“ಸಾಯ್ತದೇನ್ರೀ ಅಕ್ಕಾರ?”

“ಅಳಾಕ ಎರಡೂ ಕೈ ಬೇಕೇನ? ತಿಕ್ಕು. ಆಕಡೆ ಅಲ್ಲ, ಎಡಕ್ಕ!”

ಆಡಿಗೆ ಮೇವು ಉಬ್ಬುವುದು ಎಡಹೊಟ್ಟೆಯಲ್ಲೇ. ಎಡ ಯಾವುದು, ಬಲ ಯಾವುದು ಎಂದು ನಾನು ಕಲಿತದ್ದು ಅಂದು. ಹೊತ್ತು ಮುಳುಗುವಾಗ ಮರಿ ತೇಗಿತು. ಅಂಥ ಇಂಪಾದ ಸದ್ದನ್ನು ನಾನು ಮತ್ತೆ ಕೇಳಿಲ್ಲ.

ಈಗ ಶಿಕ್ಷಣ ಮಂಡಳಿಯವರು ಜೀವಂತ ಮರಿಗಳ ಬದಲಿಗೆ ಬೆಳಕಾಡುಗಳನ್ನು ಕಳುಹಿಸಿದ್ದಾರೆ. ಬೆಳಕಿನಿಂದಲೇ ಮಾಡಿದ, ಕರೆದರೆ ಬರುವ, ಸಾಕೆಂದರೆ ಆರಿಹೋಗುವ ಆಡುಗಳವು. ನೋಡಲು ಬಹಳ ಚಂದ, ನಾನೂ ಬೆರಗಾಗಿದ್ದೇನೆ. ಅವುಗಳಿಗೆ ಎಷ್ಟು ಜೋಳ ನೀಡಿದರೂ ಹೊಟ್ಟೆ ಉಬ್ಬುವುದಿಲ್ಲ. ಶಿಕ್ಷಕಿಯರ ತರಬೇತಿಯಲ್ಲಿ ಪ್ರಥಮಳಾದ ನನ್ನನ್ನೇ ನಮ್ಮ ಮರಿಶಾಲೆಗೆ ಮುಖ್ಯಸ್ಥೆಯಾಗಿ ಆರಿಸಿದ್ದಾರೆ. ಈಗಿರುವ ಹಿಂಡನ್ನು ಶಾಲೆಯಿಂದ ಶಾಶ್ವತವಾಗಿ ಹೊರಗೆ ಕಳುಹಿಸುವ ಒಪ್ಪಿಗೆಪತ್ರಕ್ಕೆ ಸಹಿ ಮಾಡಿದ ಮೇಲೆಯೇ ಆ ಹುದ್ದೆ ನನ್ನದಾಗುತ್ತದೆ. ಅದಕ್ಕಾಗಿ ನಾನು ಏಳು ವರ್ಷ ಓದಿದ್ದೇನೆ. ಬಸಲಿಂಗವ್ವ ಟೀಚರ್ ಇಂದು ನನ್ನಲ್ಲಿಗೆ ಬಂದಿದ್ದರು. ಹೊಸ ಮರಿಯೊಂದರ ಹಗ್ಗವನ್ನು ಕೈಗಿತ್ತು ಮನೆಗೆ ಹೋದರು. ಆ ಮರಿ ಈಗ ಈ ಕಾಗದದ ಅಂಚನ್ನು ಮೆಲ್ಲುತ್ತಿದೆ.

ನಾಳೆ ನಾನು ಸಹಿ ಮಾಡುವುದಿಲ್ಲ.