ಗ್ರಹಣದ ದಿನದ ಮಾತ್ರೆ

ಕ್ಲಿಯರ್ ಲೇಕ್, ಹ್ಯೂಸ್ಟನ್
ಜನವರಿ 15, 2019

ಪ್ರೀತಿಯ ಕೋಕಿಲಾ,

ನಿನ್ನ ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದರೆಂದು ಕೇಳಿ ಸಮಾಧಾನವಾಯಿತು. ಮಿದುಳಿನ ರಕ್ತಸ್ರಾವದ ನಂತರ ನಮ್ಮವರಿಗೂ ಇದೇ ನಿಮೋಡಿಪೈನ್ ಮಾತ್ರೆ ಕೊಟ್ಟಿದ್ದರು. ನಾಲ್ಕು ಗಂಟೆಗೊಮ್ಮೆ, ಇಪ್ಪತ್ತೊಂದು ದಿನ.

ಈ ಭಾನುವಾರ ಚಂದ್ರಗ್ರಹಣ. ನಿನ್ನ ಅತ್ತೆ ಅಂದು ಯಾರಿಗೂ ಏನನ್ನೂ ಬಾಯಿಗೆ ಹಾಕಲು ಬಿಡುವುದಿಲ್ಲವೆಂದು ನನಗೆ ಗೊತ್ತು.

2017ರ ಸೂರ್ಯಗ್ರಹಣದಂದು ನಾನೂ ನಮ್ಮವರ ಮಧ್ಯಾಹ್ನ ಹನ್ನೆರಡರ ಮಾತ್ರೆ ತಡೆದೆ. "ಗ್ರಹಣ ಹಿಡಿದಿರೋದು ಸೂರ್ಯಂಗೆ ಕಣೇ, ನಂಗಲ್ಲ," ಎಂದು ನಕ್ಕರು. "ಬಿಡೋವರ್ಗೂ ಸುಮ್ನಿರಿ," ಎಂದೆ. ನಾಲ್ಕಕ್ಕೆ ಸ್ನಾನ ಮಾಡಿಸಿ, ತಪ್ಪಿದ್ದನ್ನೂ ಸೇರಿಸಿ ಎರಡು ಹೊತ್ತಿನದನ್ನು ಒಟ್ಟಿಗೆ ಕೊಟ್ಟೆ. ಬಿಪಿ ಇಳಿದು, ಬಾತ್‌ರೂಮಿಗೆ ಹೋಗುವಾಗ ಬಿದ್ದರು. ಮತ್ತೆ ಏಳಲಿಲ್ಲ. ಅದೇ ಕಾರಣವೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಮಗಳು ಸಂಹಿತಾಗೂ ಇದನ್ನು ಹೇಳಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಕೊಡು. ಅಕಸ್ಮಾತ್ ತಪ್ಪಿದರೆ ಎರಡು ಸೇರಿಸಬೇಡ, ಫಾರ್ಮಸಿಗೆ ಫೋನ್ ಮಾಡಿ ಕೇಳು. ಯಜಮಾನರು ಎದ್ದು ನಿಲ್ಲುವಾಗ ಪಕ್ಕದಲ್ಲೇ ಇರು.

ಅತ್ತೆ ಹಟ ಹಿಡಿದರೆ ಜಗಳವಾಡಬೇಡ. ನನಗೆ ಫೋನ್ ಮಾಡಿ ಅವರ ಕೈಗೆ ಕೊಡು. ಏನಾಯಿತೆಂದು ನಾನೇ ಅವರಿಗೆ ಹೇಳುತ್ತೇನೆ.

ನಿನ್ನ,
ಉಷಾರಾಣಿ